ಹೊಸ ಫ್ಲೀಟ್‌ವುಡ್ ಹೇಗಿರಬೇಕು?



ಯಂತ್ರಗಳ ವಿಚಾರವನ್ನು ಕನ್ನಡದಲ್ಲಿ ಮಾತನಾಡಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ಆ ಆಶಯವನ್ನು ನೆನೆದು, ಇನ್ನೂ ಹುಟ್ಟದ ಒಂದು ಕಾರನ್ನು ಇಂದಿನ ವಿಷಯವಾಗಿ ಆರಿಸಿಕೊಂಡಿದ್ದೇನೆ. ಅಮೆರಿಕದ ಕ್ಯಾಡಿಲಾಕ್ ಕಂಪನಿ ತನ್ನ ಹೆಸರಿಗೆ ತಕ್ಕ ದೊಡ್ಡ ಸೆಡಾನ್ ಒಂದನ್ನು ಮತ್ತೆ ಮಾಡುವುದಾದರೆ ಅದು ಹೇಗಿರಬೇಕು?

ಪ್ರಶ್ನೆ ಹುಟ್ಟಲು ಕಾರಣವಿದೆ. ಕ್ಯಾಡಿಲಾಕ್‌ನ ದೊಡ್ಡ ಸೆಡಾನ್ ಸಿಟಿ6 ಅಮೆರಿಕದಲ್ಲಿ 2020ರಲ್ಲಿ ನಿಂತುಹೋಯಿತು. ಚೀನಾದಲ್ಲಿ ಮಾತ್ರ ಅದು ಉಳಿದು ಹೊಸ ರೂಪವನ್ನೂ ಪಡೆಯಿತು. 2022ರಲ್ಲಿ ಕಂಪನಿ ಸೆಲೆಸ್ಟಿಕ್ ಎಂಬ ವಿದ್ಯುತ್ ಕಾರನ್ನು ಅನಾವರಣ ಮಾಡಿತು. ಅದರ ಬೆಲೆ ಶುರುವಾಗಿದ್ದೇ 3,40,000 ಡಾಲರ್‌ನಿಂದ. ಮಧ್ಯಮ ಗಾತ್ರದ ಸೆಡಾನ್‌ಗೂ ಈ ಸೆಲೆಸ್ಟಿಕ್‌ಗೂ ನಡುವೆ ಇರುವ ಜಾಗ ಖಾಲಿಯಾಗಿದೆ. ಊರಿನ ಹೆಸರಾಂತ ವೈದ್ಯರು, ವಕೀಲರು, ಸ್ವಂತ ದುಡಿಮೆಯಿಂದ ಮೇಲೆ ಬಂದ ವ್ಯಾಪಾರಿಗಳು ಒಂದು ಕಾಲದಲ್ಲಿ ಕ್ಯಾಡಿಲಾಕ್ ಕೊಳ್ಳುತ್ತಿದ್ದದ್ದು ಆ ಜಾಗದಲ್ಲೇ. ಈಗ ಅಲ್ಲಿ ಮರ್ಸಿಡಿಸ್‌ನ ಎಸ್-ಕ್ಲಾಸ್, ಬಿಎಂಡಬ್ಲ್ಯುನ 7 ಸೀರೀಸ್ ಕೂತಿವೆ. ಅಮೆರಿಕದ್ದೇ ಆದ ಲೂಸಿಡ್ ಏರ್ ಕೂಡ ಅಲ್ಲಿದೆ. ಕ್ಯಾಡಿಲಾಕ್ ಮಾತ್ರ ಇಲ್ಲ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸ ಕಾರು ತನ್ನ ದೊಡ್ಡಸ್ತಿಕೆಯನ್ನು ಪರದೆಯ ಅಗಲದಲ್ಲೂ ಕುದುರೆಶಕ್ತಿಯಲ್ಲೂ ಹುಡುಕಬಾರದು. ಬಿಚ್ಚಿ ಜೋಡಿಸಲು ಬರುವ, ಮೂವತ್ತು ವರ್ಷ ಬಾಳುವ, ಯಾವ ಭಾಗ ಸವೆದರೂ ಅದನ್ನಷ್ಟೇ ಬದಲಿಸಬಹುದಾದ ಕಾರು ಅದಾಗಬೇಕು. ಈ ಮಾತು ನನ್ನ ಸ್ವಂತದ್ದೆಂದು ಹೇಳಿಕೊಳ್ಳಲಾರೆ. ಕ್ಯಾಡಿಲಾಕ್‌ನ ಹುಟ್ಟಿನಲ್ಲೇ ಅದು ಇದೆ.

1902ರಲ್ಲಿ ಹೆನ್ರಿ ಫೋರ್ಡ್ ತಮ್ಮ ಹೂಡಿಕೆದಾರರೊಂದಿಗೆ ಜಗಳವಾಡಿಕೊಂಡು ಕಂಪನಿ ಬಿಟ್ಟುಹೋದರು. ಉಳಿದವರು ಕಾರ್ಖಾನೆಯನ್ನು ಮಾರಿಬಿಡೋಣವೆಂದು ಬೆಲೆ ಕಟ್ಟಲು ಹೆನ್ರಿ ಲೇಲೆಂಡ್ ಎಂಬ ಹಿರಿಯ ಯಂತ್ರತಜ್ಞರನ್ನು ಕರೆಸಿದರು. ಲೇಲೆಂಡ್ ಬೆಲೆ ಕಟ್ಟಿಕೊಟ್ಟರು, ಜೊತೆಗೆ ಮಾರಬೇಡಿ ಎಂದೂ ಹೇಳಿದರು. ತಮ್ಮದೇ ಎಂಜಿನ್ ಒಂದನ್ನು ತೋರಿಸಿ, ಇದನ್ನು ಹಾಕಿ ಕಾರು ಮಾಡಿ ಎಂದರು. ಡೆಟ್ರಾಯಿಟ್ ಊರನ್ನು 1701ರಲ್ಲಿ ಕಟ್ಟಿದ ಫ್ರೆಂಚ್ ಅಧಿಕಾರಿ ಕ್ಯಾಡಿಲಾಕ್‌ನ ಹೆಸರನ್ನು ಹೊಸ ಕಂಪನಿಗೆ ಇಡಲಾಯಿತು.

ಈ ಲೇಲೆಂಡ್ ಹುಟ್ಟಿದ್ದು 1843ರಲ್ಲಿ, ವರ್ಮಾಂಟ್‌ನಲ್ಲಿ. ಅವರ ಕೈ ಪಳಗಿದ್ದು ಬಂದೂಕು ತಯಾರಿಸುವ ಕಾರ್ಖಾನೆಗಳಲ್ಲಿ, ಆಮೇಲೆ ಅಳತೆ ಉಪಕರಣಗಳಿಗೆ ಹೆಸರಾದ ಬ್ರೌನ್ ಅಂಡ್ ಶಾರ್ಪ್‌ನಲ್ಲಿ. ಯುದ್ಧಭೂಮಿಯಲ್ಲಿ ಒಂದು ಬಂದೂಕಿನ ಭಾಗ ಇನ್ನೊಂದಕ್ಕೆ ಸಲೀಸಾಗಿ ಕೂರಬೇಕು, ಇಲ್ಲದಿದ್ದರೆ ಸಿಪಾಯಿ ಸಾಯುತ್ತಾನೆ. ಆ ಶಿಸ್ತನ್ನು ಅವರು ಕಾರಿಗೆ ತಂದರು. ಆ ಕಾಲದ ಕಾರುಗಳಲ್ಲಿ ಭಾಗ ಕೂರದಿದ್ದರೆ ಫಿಟ್ಟರ್ ಅರ ಹಿಡಿದು ಉಜ್ಜಿ ಕೂರಿಸುತ್ತಿದ್ದ. ಕೈಯಿಂದ ಹೀಗೆ ಹೊಂದಿಸಿದ್ದೇ ಒಳ್ಳೆಯ ಕಾರು ಎಂಬ ನಂಬಿಕೆ ಯುರೋಪಿನಲ್ಲಿ ಬಲವಾಗಿತ್ತು. ಲೇಲೆಂಡ್ ಲೆಕ್ಕದಲ್ಲಿ ಅರ ಬೇಕಾಯಿತೆಂದರೆ ಅಳತೆ ತಪ್ಪಿದೆ ಎಂದೇ ಅರ್ಥ.

1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಇದಕ್ಕೆ ಪರೀಕ್ಷೆ ನಡೆಯಿತು. ನಡೆಸಿದ್ದು ರಾಯಲ್ ಆಟೊಮೊಬೈಲ್ ಕ್ಲಬ್. ಒಂದು ಸಿಲಿಂಡರಿನ, ಹತ್ತು ಕುದುರೆಶಕ್ತಿಯ ಮೂರು ಸಾಧಾರಣ ಕ್ಯಾಡಿಲಾಕ್‌ಗಳನ್ನು ತಂದು ಪೂರ್ತಿ ಬಿಚ್ಚಿದರು. ಒಂದೊಂದರಿಂದಲೂ 721 ಭಾಗಗಳು ಬಂದವು. ಮೂರನ್ನೂ ಒಂದೇ ರಾಶಿಗೆ ಹಾಕಿ ಕಲಸಿದರು. ಅದು ಸಾಲದೆಂಬಂತೆ ಕ್ಲಬ್ಬಿನವರು 89 ಭಾಗಗಳನ್ನು ರಾಶಿಯಿಂದ ತೆಗೆದಿಟ್ಟು, ಅವುಗಳ ಬದಲಿಗೆ ಮಾರಾಟಗಾರರ ದಾಸ್ತಾನಿನಿಂದ ಬಿಡಿಭಾಗ ತರಿಸಿದರು. ಮೆಕ್ಯಾನಿಕ್‌ಗಳ ಕೈಯಲ್ಲಿದ್ದದ್ದು ಸ್ಪ್ಯಾನರ್, ಸ್ಕ್ರೂಡ್ರೈವರ್‌ಗಳಂಥ ಸಾಮಾನ್ಯ ಸಲಕರಣೆ, ಅರ ಮುಟ್ಟುವಂತಿರಲಿಲ್ಲ. ಆ ರಾಶಿಯಿಂದ ಮತ್ತೆ ಮೂರು ಕಾರು ಎದ್ದವು. ಒಂದರ ಬಣ್ಣದ ಭಾಗ ಇನ್ನೊಂದರಲ್ಲಿ ಸೇರಿಕೊಂಡು ನೋಡಲು ವಿಚಿತ್ರವಾಗಿದ್ದವಂತೆ. ಮೂರೂ ಟ್ರ್ಯಾಕಿನಲ್ಲಿ 500 ಮೈಲಿ, ಅಂದರೆ ಸುಮಾರು 800 ಕಿಲೋಮೀಟರ್ ಓಡಿದವು. ಆ ವರ್ಷದ ಡ್ಯೂವರ್ ಟ್ರೋಫಿ ಕ್ಯಾಡಿಲಾಕ್‌ಗೆ ಸಂದಿತು. ‘ಜಗತ್ತಿಗೆ ಮಾನದಂಡ’ ಎಂಬರ್ಥದ ಅವರ ಘೋಷವಾಕ್ಯಕ್ಕೆ ಬಲ ಬಂದದ್ದು ಆ ರಾಶಿಯಿಂದ. ಆಗ ಆ ಕಾರಿನಲ್ಲಿ ಐಷಾರಾಮ ಎನ್ನುವಂಥದ್ದು ಏನೂ ಇರಲಿಲ್ಲ ಎಂಬುದನ್ನು ಗಮನಿಸಿ.

ಐಷಾರಾಮ ಬಂದದ್ದು ಆಮೇಲೆ, ನಿಖರತೆಯ ಬೆನ್ನ ಹಿಂದೆ. 1912ರಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ ಕ್ಯಾಡಿಲಾಕ್‌ಗೆ ಬಂತು. ಅಲ್ಲಿಯವರೆಗೆ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಕೈ ಮುರಿಯುತ್ತಿತ್ತು. ಕೆಟರಿಂಗ್ ಮೊದಲು ಅಂಗಡಿಯ ಗಲ್ಲಾ ಯಂತ್ರಕ್ಕೆ ಮೋಟರ್ ಕೂರಿಸಿದವರು. ಕೆಲವೇ ಕ್ಷಣ ಓಡಬೇಕಾದ ಮೋಟರಿನಿಂದ ಅದರ ಗಾತ್ರಕ್ಕೆ ಮೀರಿದ ಕೆಲಸ ತೆಗೆಯಬಹುದು ಎಂದು ಅಲ್ಲಿ ಕಂಡುಕೊಂಡಿದ್ದರು. ಅದೇ ತಿಳಿವು ಕಾರಿಗೂ ಒದಗಿತು. ಇದಕ್ಕೂ ಡ್ಯೂವರ್ ಟ್ರೋಫಿ ಬಂತು. 1930ರ ಜನವರಿಯಲ್ಲಿ, ಷೇರು ಮಾರುಕಟ್ಟೆ ಕುಸಿದು ಮೂರು ತಿಂಗಳೂ ಆಗಿರದಾಗ, ಹದಿನಾರು ಸಿಲಿಂಡರಿನ ಕಾರು ಬಂತು. ಓವನ್ ನೇಕರ್ ರೂಪಿಸಿದ ಆ ಎಂಜಿನ್ ವೇಗಕ್ಕಿಂತ ಮೌನಕ್ಕೆ ಹೆಸರಾಯಿತು. ವಾಲ್ವ್‌ಗಳ ಟಕಟಕ ಅಡಗಿಸಲು ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಏರ್ಪಾಡಿತ್ತು. ವೈರು, ಕೊಳವೆಗಳು ಕಣ್ಣಿಗೆ ಬೀಳದಂತೆ ಮುಚ್ಚಿ, ಬಾನೆಟ್ ಎತ್ತಿದರೂ ಚೆಂದ ಕಾಣುವಂತೆ ಮಾಡಿದ್ದರು. ಹತ್ತು ವರ್ಷದಲ್ಲಿ ತಯಾರಾದದ್ದು ಸುಮಾರು 4,000 ಮಾತ್ರ.

1957ರ ಎಲ್ಡೊರಾಡೊ ಬ್ರೂಮ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಮ್ಮ ಕಾಲದ ಅಗ್ರ ಕಾರುಗಳ ಗುಣ ದೋಷ ಎರಡೂ ಅದರಲ್ಲಿ ಆಗಲೇ ಇದ್ದವು. ಬೆಲೆ 13,074 ಡಾಲರ್. ಅಂದಿನ ರೋಲ್ಸ್‌ರಾಯ್ಸ್‌ನ ಹತ್ತಿರದ ಬೆಲೆ. ಚಾವಣಿ ಸ್ಟೇನ್‌ಲೆಸ್ ಸ್ಟೀಲಿನದು. ನಡುಗಂಬವಿಲ್ಲದ ಬಾಗಿಲುಗಳು, ಅವುಗಳಲ್ಲಿ ಹಿಂದಿನವು ಹಿಂದಕ್ಕೆ ತೆರೆಯುತ್ತಿದ್ದವು. ಡ್ಯಾಶ್‌ಬೋರ್ಡಿನ ಪೆಟ್ಟಿಗೆ ತೆರೆದರೆ ತಳದಲ್ಲಿ ಅಯಸ್ಕಾಂತವಿರುವ ಲೋಹದ ಲೋಟಗಳು. ಹಿಂದಿನ ಸೀಟಿನವರಿಗೆ ಲಾನ್‌ವ್ಯಾನ್ ಕಂಪನಿಯ ಆರ್ಪೆಜ್ ಸುಗಂಧದ ಶೀಷೆ, ಕನ್ನಡಿ, ಟಿಪ್ಪಣಿ ಪುಸ್ತಕ. ಚಾಲಕರಿಗೆ ತಕ್ಕ ಸೀಟಿನ ಸ್ಥಾನವನ್ನು ನೆನಪಿಟ್ಟುಕೊಳ್ಳುವ ಏರ್ಪಾಡೂ ಇತ್ತು. ಸ್ಪ್ರಿಂಗ್ ಬದಲು ಗಾಳಿ ತುಂಬಿದ ಗುಮ್ಮಟಗಳ ಮೇಲೆ ಕಾರು ತೇಲುತ್ತಿತ್ತು. ಆ ಗಾಳಿ ಸಸ್ಪೆನ್ಶನ್ ಸೋರತೊಡಗಿತು. ರಾತ್ರಿ ನಿಲ್ಲಿಸಿದ ಕಾರು ಬೆಳಗ್ಗೆ ನೆಲಕ್ಕೆ ಕುಸಿದಿರುತ್ತಿತ್ತು. ಎಷ್ಟೋ ಮಾಲೀಕರು ಅದನ್ನು ಕಿತ್ತು ಸಾಮಾನ್ಯ ಕಾಯಿಲ್ ಸ್ಪ್ರಿಂಗ್ ಹಾಕಿಸಿದರು. ಎರಡು ವರ್ಷದಲ್ಲಿ 704 ಕಾರುಗಳಾದವು, ಪ್ರತಿಯೊಂದರಲ್ಲೂ ಕಂಪನಿ ನಷ್ಟ ಮಾಡಿಕೊಂಡಿತು. ಸುಗಂಧದ ಶೀಷೆ ನೆನಪಿತ್ತು, ರಬ್ಬರ್ ಪದರದ ಬಾಳಿಕೆ ಮರೆತಿತ್ತು.

ಇದಕ್ಕೆ ಉತ್ತರದಂತೆ ಬಂದದ್ದು ಎದುರಾಳಿಯ ಕಾರು. ಲೇಲೆಂಡ್ ಕ್ಯಾಡಿಲಾಕ್ ಬಿಟ್ಟ ಮೇಲೆ 1917ರಲ್ಲಿ ಸ್ಥಾಪಿಸಿದ ಲಿಂಕನ್ ಕಂಪನಿಯನ್ನು ಫೋರ್ಡ್ 1922ರಲ್ಲಿ ಕೊಂಡಿತ್ತು. ಐವತ್ತರ ದಶಕದ ಕೊನೆಗೆ ಅದು ನಷ್ಟದಲ್ಲಿ ಮುಳುಗಿ, ಮುಚ್ಚುವ ಮಾತೂ ಬಂದಿತ್ತು. ಎಲ್ವುಡ್ ಎಂಗಲ್ ಥಂಡರ್‌ಬರ್ಡ್‌ಗಾಗಿ ಮಾಡಿದ್ದ ಮಣ್ಣಿನ ಮಾದರಿಯನ್ನು ಫೋರ್ಡ್‌ನ ರಾಬರ್ಟ್ ಮೆಕ್‌ನಮಾರಾ ಕಂಡು, ಇದಕ್ಕೆ ನಾಲ್ಕು ಬಾಗಿಲು ಕೂರಿಸಲು ಬರುತ್ತದೆಯೇ ಎಂದು ಕೇಳಿದರು. ಹಾಗೆ ಹುಟ್ಟಿದ್ದು 1961ರ ಕಾಂಟಿನೆಂಟಲ್. ಹಿಂದಿನ ಮಾದರಿಗಿಂತ ಸುಮಾರು 15 ಅಂಗುಲ ಚಿಕ್ಕದು. ಹಿಂಬದಿಯಲ್ಲಿ ರೆಕ್ಕೆಯಿಲ್ಲ, ಕ್ರೋಮಿಯಂ ಅಬ್ಬರವಿಲ್ಲ. ಹಿಂದಿನ ಬಾಗಿಲು ಮಾಮೂಲಿನಂತೆ ತೆರೆದರೆ ಇಳಿಯುವವರ ಕಾಲು ಬಾಗಿಲಿಗೆ ತಗಲುತ್ತಿತ್ತು, ಆದ್ದರಿಂದ ಹಿಂಜನ್ನು ಹಿಂದಕ್ಕೆ ಒಯ್ದರು. ಜನ ಇಂದಿಗೂ ಮೆಚ್ಚುವ ಆ ಬಾಗಿಲು ಇಳಿಯುವವರ ಕಾಲಿನ ತೊಂದರೆಯಿಂದ ಹುಟ್ಟಿತು. ಪ್ರತಿ ಎಂಜಿನನ್ನೂ ಮೂರು ಗಂಟೆ ಓಡಿಸಿ ನೋಡುತ್ತಿದ್ದರು. ಪ್ರತಿ ಕಾರನ್ನೂ 12 ಮೈಲಿ ರಸ್ತೆಯಲ್ಲಿ ಪರೀಕ್ಷಿಸುತ್ತಿದ್ದರು. ಎರಡು ವರ್ಷ ಅಥವಾ 24,000 ಮೈಲಿಯ ವಾರಂಟಿ ಕೊಟ್ಟರು. ಆ ಕಾಲಕ್ಕೆ ಅದು ದೊಡ್ಡ ಮಾತು. ಅಮೆರಿಕ ಮಾಡಿದ ಸೆಡಾನ್‌ಗಳಲ್ಲಿ ನನ್ನ ಮಟ್ಟಿಗೆ ಅತ್ಯುತ್ತಮವಾದದ್ದು ಇದೇ.

ಮುಂದಿನ ಇಳಿತವನ್ನು ಚುಟುಕಾಗಿ ಮುಗಿಸುತ್ತೇನೆ. 1981ರಲ್ಲಿ ಕ್ಯಾಡಿಲಾಕ್ ಎಂಟು ಸಿಲಿಂಡರುಗಳಲ್ಲಿ ಎರಡನ್ನೋ ನಾಲ್ಕನ್ನೋ ಕಂಪ್ಯೂಟರಿನಿಂದ ನಿಲ್ಲಿಸುವ ಎಂಜಿನ್ ತಂದಿತು. ಕಲ್ಪನೆ ಸರಿಯಾಗಿತ್ತು, ಆದರೆ ಅಂದಿನ ಎಲೆಕ್ಟ್ರಾನಿಕ್ಸ್‌ಗೆ ಅದನ್ನು ಹೊರುವ ಶಕ್ತಿ ಇರಲಿಲ್ಲ. ಮರುವರ್ಷ ಸೋದರ ಕಂಪನಿ ಷೆವರ್ಲೆಯ ಸಾಧಾರಣ ಕಾರು ಕ್ಯಾವಲಿಯರ್‌ಗೆ ಬಟ್ಟೆ ಬದಲಿಸಿ ಸಿಮರಾನ್ ಎಂದು ಮಾರಿತು. ಗಿರಾಕಿಗೆ ಎರಡೂ ಒಂದೇ ಎಂದು ತಿಳಿಯಲು ಬಹಳ ದಿನ ಹಿಡಿಯಲಿಲ್ಲ. ಎಂಬತ್ತು ವರ್ಷದಲ್ಲಿ ಗಳಿಸಿದ ಹೆಸರು ಹತ್ತೇ ವರ್ಷದಲ್ಲಿ ಕರಗಿತು.

ಸೆಲೆಸ್ಟಿಕ್ ಬಗ್ಗೆ ನನಗೆ ಗೌರವವಿದೆ. ಈರೊ ಸಾರಿನೆನ್ ರೂಪಿಸಿ 1956ರಲ್ಲಿ ಉದ್ಘಾಟನೆಗೊಂಡ, ವಾರೆನ್ ಊರಿನಲ್ಲಿರುವ, ಕ್ಯಾಡಿಲಾಕ್‌ನ ಒಡೆಯ ಸಂಸ್ಥೆ ಜನರಲ್ ಮೋಟಾರ್ಸ್‌ನ ತಾಂತ್ರಿಕ ಕೇಂದ್ರದಲ್ಲೇ ಅದನ್ನು ಕೈಯಿಂದ ಜೋಡಿಸುತ್ತಾರೆ. ತಳಭಾಗಕ್ಕೆ ಅಲ್ಯೂಮಿನಿಯಮ್ಮಿನ ಆರು ದೊಡ್ಡ ಎರಕಗಳಿವೆ. ನೂರಕ್ಕೂ ಹೆಚ್ಚು ಭಾಗಗಳು 3ಡಿ ಮುದ್ರಣದಿಂದ ಬಂದವು. ಗಾಜಿನ ಚಾವಣಿಯಲ್ಲಿ ನಾಲ್ಕು ಭಾಗ. ಕುಳಿತ ನಾಲ್ವರೂ ತಮತಮಗೆ ಬೇಕಾದಷ್ಟು ಬೆಳಕನ್ನು ಬಿಟ್ಟುಕೊಳ್ಳಬಹುದು. ಇಷ್ಟೆಲ್ಲ ಇದ್ದೂ ಅದು ಅಗ್ರ ಕಾರಿನ ಕೆಲಸ ಮಾಡಲಾರದು. ಊರಿಗೆ ಒಂದೂ ಕಾಣದ ಕಾರು ಕಂಪನಿಯ ಉಳಿದ ಕಾರುಗಳಿಗೆ ಮಾನದಂಡವಾಗುವುದಾದರೂ ಹೇಗೆ? ಬಾಗಿಲಿನಿಂದ ಬಾಗಿಲಿನವರೆಗೆ ಹಬ್ಬಿದ 55 ಅಂಗುಲದ ಅದರ ಪರದೆ ಹತ್ತು ವರ್ಷದ ಮೇಲೆ ಕೆಟ್ಟರೆ ಆ ಡ್ಯಾಶ್‌ಬೋರ್ಡಿನ ಗತಿ ಏನು? ಕಾರಿನ ಉಕ್ಕಿಗೆ, ಚರ್ಮಕ್ಕೆ ಇರುವ ಆಯುಸ್ಸು ಪರದೆಗೆ ಇರುವುದಿಲ್ಲ.

ಈಗ ನನ್ನ ಕಾರಿಗೆ ಬರುತ್ತೇನೆ. ಹೆಸರು ಫ್ಲೀಟ್‌ವುಡ್. ಪೆನ್ಸಿಲ್ವೇನಿಯಾದ ಫ್ಲೀಟ್‌ವುಡ್ ಎಂಬ ಸಣ್ಣ ಊರಿನಲ್ಲಿ ಕಾರಿನ ಮೈ ಕಟ್ಟುವ ಕಾರ್ಖಾನೆಯಿತ್ತು. 1925ರಲ್ಲಿ ಅದು ಫಿಶರ್ ಬಾಡಿ ಮೂಲಕ ಜನರಲ್ ಮೋಟಾರ್ಸ್ ಸೇರಿತು. 1996ರವರೆಗೆ ಕ್ಯಾಡಿಲಾಕ್‌ನ ದೊಡ್ಡ ಸೆಡಾನ್‌ಗಳ ಮೇಲೆ ಆ ಹೆಸರಿತ್ತು. ಸಿಟಿ4, ಸಿಟಿ5, ಸಿಟಿ6 ಎಂಬ ಅಂಕಿಗಳನ್ನು ಯಾರೂ ಪ್ರೀತಿಯಿಂದ ಕರೆಯಲಾರರು.

ಉದ್ದ 5.2 ಮೀಟರ್, ವೀಲ್‌ಬೇಸ್ 3.2 ಮೀಟರ್, ಎತ್ತರ 1.5 ಮೀಟರ್. ಎತ್ತರದ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಸೆಡಾನ್ ಬಿಟ್ಟು ಜನ ಎಸ್‌ಯುವಿಗೆ ಹೋದದ್ದಕ್ಕೆ ಒಂದು ದೊಡ್ಡ ಕಾರಣ ಸೊಂಟ ಮತ್ತು ಮಂಡಿ. ತಗ್ಗಿನ ಕಾರಿನೊಳಗೆ ತಲೆ ಬಗ್ಗಿಸಿ ಇಳಿಯುವುದು, ಅಲ್ಲಿಂದ ಏಳುವುದು ಅರವತ್ತು ದಾಟಿದವರಿಗೆ ಶಿಕ್ಷೆ. ಅಗ್ರ ಕಾರನ್ನು ಕೊಳ್ಳುವವರು, ಅದರಲ್ಲಿ ತಂದೆತಾಯಿಯರನ್ನು ಕೂರಿಸುವವರು ಬಹುಪಾಲು ಅದೇ ವಯಸ್ಸಿನ ಆಸುಪಾಸಿನವರು. ಸೀಟು ನೆಲದಿಂದ ಅಷ್ಟು ಎತ್ತರದಲ್ಲಿರಬೇಕು, ಕುಳಿತವರು ಪಕ್ಕಕ್ಕೆ ತಿರುಗಿದರೆ ಪಾದ ನೆಲ ಮುಟ್ಟಿ ಹಾಗೆಯೇ ಎದ್ದು ನಿಲ್ಲುವಂತಿರಬೇಕು. ಹೊಸ್ತಿಲು ಅಗಲವಾಗಿರಬಾರದು. ಹಿಂದಿನ ಬಾಗಿಲು 90 ಡಿಗ್ರಿ ತೆರೆಯಬೇಕು. ಬಾಗಿಲಿನ ಹಿಡಿ ಕೈಯಿಂದ ಎಳೆದರೆ ತೆರೆಯುವ ನಿಜವಾದ ಹಿಡಿಯಾಗಿರಬೇಕು. ಬ್ಯಾಟರಿ ಸತ್ತಾಗಲೂ, ಅಪಘಾತವಾದಾಗಲೂ ಅದು ಕೆಲಸ ಮಾಡಬೇಕು.

ಇಷ್ಟಾದ ಮೇಲೆ ಸೆಡಾನೇ ಏಕೆ ಎಂದು ಕೇಳುವಿರಿ. ಎರಡು ಕಾರಣ. ಸೆಡಾನಿನಲ್ಲಿ ಡಿಕ್ಕಿಗೂ ಪ್ರಯಾಣಿಕರಿಗೂ ನಡುವೆ ಗೋಡೆಯಿರುತ್ತದೆ. ಹಿಂದಿನ ಚಕ್ರಗಳ ಸದ್ದು ಆ ಗೋಡೆಯಾಚೆ ನಿಲ್ಲುತ್ತದೆ. ಎಸ್‌ಯುವಿಯಲ್ಲಿ ಡಿಕ್ಕಿಯೂ ಕೋಣೆಯೂ ಒಂದೇ ಆಗಿ, ಸದ್ದಿಗೆ ದಾರಿ ಸಿಗುತ್ತದೆ. ಎಂಜಿನ್ ಸದ್ದಿಲ್ಲದ ವಿದ್ಯುತ್ ಕಾರಿನಲ್ಲಿ ಟೈರಿನ ಸದ್ದೇ ದೊಡ್ಡದಾಗಿ ಕೇಳಿಸುವುದರಿಂದ ಈ ಗೋಡೆಗೆ ಈಗ ಮೊದಲಿಗಿಂತ ಹೆಚ್ಚು ಬೆಲೆ. ಇನ್ನೊಂದು, ಗಾಳಿ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ 110 ಕಿಲೋಮೀಟರ್ ಓಡುವಾಗ ಬ್ಯಾಟರಿಯ ದೊಡ್ಡ ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಗಾಳಿತಡೆಯ ಗುಣಾಂಕದಲ್ಲಿ ಲೂಸಿಡ್ ಏರ್ 0.197 ಎಂಬ ಅಂಕಿಯನ್ನು ಮುಟ್ಟಿದೆ. ನಾನು 0.22ಕ್ಕೆ ತೃಪ್ತಿಪಡುತ್ತೇನೆ. ಹಿಂದೆ ಕುಳಿತವರ ತಲೆಗೆ ಜಾಗ ಬಿಟ್ಟು, ಹಿಂಗಾಜನ್ನು ತುಸು ನೆಟ್ಟಗೆ ನಿಲ್ಲಿಸಿದ್ದಕ್ಕೆ ತೆರುವ ಬೆಲೆ ಅದು.

ಕಾರು ವಿದ್ಯುತ್ತಿನದೇ ಆಗಿರಲಿ. ಹದಿನಾರು ಸಿಲಿಂಡರ್ ಕೂಡಿಸಿ ಹುಡುಕಿದ ಮೌನವನ್ನು, ನಡುಕವಿಲ್ಲದ ಎಳೆತವನ್ನು ಮೋಟರ್ ಹುಟ್ಟಿನಿಂದಲೇ ತಂದಿದೆ. ಬ್ಯಾಟರಿ 110 ಕಿಲೋವ್ಯಾಟ್‌ಗಂಟೆಯಷ್ಟಿದ್ದರೆ, ಮಿಶಿಗನ್‌ನ ಚಳಿಗಾಲದಲ್ಲೂ ಡೆಟ್ರಾಯಿಟ್‌ನಿಂದ ಷಿಕಾಗೋಗೆ, ಅಂದರೆ ಸುಮಾರು 450 ಕಿಲೋಮೀಟರಿಗೆ, ದಾರಿಯಲ್ಲಿ ಒಂದು ಸಣ್ಣ ಚಾರ್ಜಿಂಗ್ ಸಾಕು. ಇದಕ್ಕಿಂತ ದೊಡ್ಡ ಬ್ಯಾಟರಿ ಬೇಡ, ತೂಕ ಎಲ್ಲವನ್ನೂ ಕೆಡಿಸುತ್ತದೆ. ಕಬ್ಬಿಣದ ಕಣಗಳಿರುವ ಎಣ್ಣೆಯನ್ನು ಅಯಸ್ಕಾಂತದಿಂದ ಕ್ಷಣಾರ್ಧದಲ್ಲಿ ಗಟ್ಟಿಗೊಳಿಸುವ ಶಾಕ್ ಅಬ್ಸಾರ್ಬರ್‌ಗಳನ್ನು ಕ್ಯಾಡಿಲಾಕ್ 2002ರಲ್ಲೇ ಸೆವಿಲ್ ಕಾರಿನಲ್ಲಿ ತಂದಿತ್ತು. ಅವು ಇಲ್ಲೂ ಇರಲಿ. ಅವುಗಳ ಜೊತೆಗೆ ಮಾಮೂಲಿ ಉಕ್ಕಿನ ಸ್ಪ್ರಿಂಗ್ ಇರಲಿ.

ಇನ್ನು ಲೇಲೆಂಡ್ ಪಾಠ. ಬ್ಯಾಟರಿಯ ಕೋಶಗಳನ್ನು ಪೆಟ್ಟಿಗೆಯೊಳಗೆ ಅಂಟಿನಿಂದ, ಫೋಮಿನಿಂದ ಬೆಸೆದು, ಆ ಪೆಟ್ಟಿಗೆಯನ್ನೇ ಕಾರಿನ ನೆಲವಾಗಿಸುವುದು ಈಗ ಕೆಲವು ಕಂಪನಿಗಳ ರೂಢಿ. ಹಾಗೆ ಮಾಡಿದರೆ ತೂಕ ಉಳಿಯುತ್ತದೆ, ಬಿಗಿ ಹೆಚ್ಚುತ್ತದೆ ಎಂಬುದು ನಿಜ. ಆದರೆ ಒಂದು ಮಾಡ್ಯೂಲ್ ಕೆಟ್ಟರೆ ಇಡೀ ಪೆಟ್ಟಿಗೆಯನ್ನೇ ಎಸೆಯಬೇಕಾಗುತ್ತದೆ. ನನ್ನ ಫ್ಲೀಟ್‌ವುಡ್‌ನಲ್ಲಿ ಬ್ಯಾಟರಿ ಬೋಲ್ಟಿನ ಮೇಲೆ ನಿಲ್ಲುತ್ತದೆ, ಮಾಡ್ಯೂಲ್‌ಗಳು ಬಿಡಿಬಿಡಿಯಾಗಿ ಹೊರಬರುತ್ತವೆ. ಹತ್ತು ವರ್ಷದ ಮೇಲೆ ಅದೇ ಗೂಡಿಗೆ ಹೊಸ ರಸಾಯನದ ಮಾಡ್ಯೂಲ್ ಕೂರಬೇಕು. ದೊಡ್ಡ ಎರಕಗಳ ತುದಿಗೆ ಬೋಲ್ಟ್ ಹಾಕಿದ ಉಕ್ಕಿನ ಪೆಟ್ಟಿಗೆಗಳಿದ್ದು, ಸಣ್ಣ ಡಿಕ್ಕಿಯಾದರೆ ಅವು ಮಾತ್ರ ಜಜ್ಜಿಹೋಗಬೇಕು, ಎರಕ ಉಳಿಯಬೇಕು. ಪರದೆ ಒಂದೇ, ಸಾಧಾರಣ ಗಾತ್ರದ್ದು. ಅದೂ ಅದರ ಹಿಂದಿನ ಕಂಪ್ಯೂಟರೂ ಎಳೆದರೆ ಬರುವ ಪೆಟ್ಟಿಗೆಯಲ್ಲಿರಬೇಕು. ಎಸಿ, ದನಿ, ಸೀಟಿಗೆ ಕೈಗೆ ಸಿಗುವ ಗುಂಡಿಗಳಿರಬೇಕು. ಬಿಚ್ಚುವ ಕ್ರಮವನ್ನು ಹೇಳುವ ಕೈಪಿಡಿಯನ್ನು ಕಂಪನಿ ಎಲ್ಲ ಗ್ಯಾರೇಜುಗಳಿಗೂ ತೆರೆದಿಡಬೇಕು, ಬಿಡಿಭಾಗಗಳು ಮೂವತ್ತು ವರ್ಷ ಸಿಗುತ್ತವೆಂದು ಬರೆದುಕೊಡಬೇಕು. ಕಾರಿನ ಮಾರಾಟ ಶುರುವಾಗುವ ಮೊದಲು, ಜನರಲ್ ಮೋಟಾರ್ಸ್ 1924ರಿಂದ ನಡೆಸುತ್ತಿರುವ ಮಿಲ್‌ಫರ್ಡ್ ಪರೀಕ್ಷಾ ಮೈದಾನದಲ್ಲಿ, ಹೊರಗಿನವರ ಕಣ್ಣೆದುರು, ಮೂರು ಕಾರುಗಳನ್ನು ಬಿಚ್ಚಿ ಕಲಸಿ ಮತ್ತೆ ಜೋಡಿಸಿ ಓಡಿಸಲಿ. ಅದಕ್ಕಿಂತ ಒಳ್ಳೆಯ ಜಾಹೀರಾತು ಕೋಟಿ ಡಾಲರಿಗೂ ಸಿಗದು.

ಬೆಲೆ 1,10,000 ಡಾಲರ್ ಆಸುಪಾಸಿನಲ್ಲಿರಬೇಕು, ಎಸ್-ಕ್ಲಾಸ್‌ಗಿಂತ ತುಸು ಕಡಿಮೆ. ಅಮೆರಿಕದಲ್ಲಿ ಇಂದು ಮಾರಾಟವಾಗುವ ಹೊಸ ವಾಹನಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಎಸ್‌ಯುವಿ, ಪಿಕಪ್‌ಗಳೇ. ಕ್ಯಾಡಿಲಾಕ್‌ನ ದೊಡ್ಡ ಎಸ್‌ಯುವಿ ಎಸ್ಕಲೇಡ್ ಚೆನ್ನಾಗಿಯೇ ದುಡಿಯುತ್ತಿದೆ. ಹಾಗಾದರೆ ಈ ಸಾಹಸ ಯಾರಿಗೆ ಬೇಕು ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಫ್ಲೀಟ್‌ವುಡ್ ದೊಡ್ಡ ಲಾಭ ತರಲಾರದು. ಬೋಲ್ಟಿನ ಬ್ಯಾಟರಿ, ಬದಲಿಸಬಹುದಾದ ಪರದೆ, ಒಳ್ಳೆಯ ಬಾಗಿಲು ಇವೆಲ್ಲ ಮೊದಲು ಇಲ್ಲಿ ಸಾಧಿತವಾಗಿ, ಐದಾರು ವರ್ಷದಲ್ಲಿ ಎಸ್ಕಲೇಡ್‌ಗೂ ಮೂವತ್ತು ಸಾವಿರ ಡಾಲರಿನ ಷೆವರ್ಲೆಗೂ ಇಳಿಯುತ್ತವೆ. ಸೆಲ್ಫ್ ಸ್ಟಾರ್ಟರ್ ಹಾಗೆಯೇ ಇಳಿದು ಎಲ್ಲರ ಕಾರಿಗೂ ಬಂತು. ಅಗ್ರ ಕಾರಿನ ಲಾಭವನ್ನು ಅಲ್ಲಿ ಎಣಿಸಬೇಕು.

ಇಲ್ಲಿರುವ ಮೆಕ್ಯಾನಿಕಲ್ ವಿಭಾಗದ ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಮಾತು. ಜನರಲ್ ಮೋಟಾರ್ಸ್ 2017ರಲ್ಲಿ ಭಾರತದಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು, ಆದರೆ ಬೆಂಗಳೂರಿನ ಅದರ ತಾಂತ್ರಿಕ ಕೇಂದ್ರ ನಡೆಯುತ್ತಲೇ ಬಂದಿದೆ. ಬೇರೆ ಹಲವು ವಾಹನ ಕಂಪನಿಗಳ ವಿನ್ಯಾಸ ವಿಭಾಗಗಳೂ ಇಲ್ಲಿವೆ. ನಿಮ್ಮಲ್ಲಿ ಕೆಲವರು ನಾಳೆ ಅಲ್ಲಿ ಕೂತು ಯಾವುದೋ ದೂರದ ರಸ್ತೆಯ ಕಾರಿಗೆ ಬ್ಯಾಟರಿ ಪೆಟ್ಟಿಗೆಯನ್ನೋ ಬಾಗಿಲಿನ ಹಿಂಜನ್ನೋ ಬಿಡಿಸುತ್ತೀರಿ. ಅಂಟು ಹಾಕುವುದೋ ಬೋಲ್ಟ್ ಹಾಕುವುದೋ ಎಂಬ ಪ್ರಶ್ನೆ ನಿಮ್ಮ ಮೇಜಿಗೂ ಬರುತ್ತದೆ. ತೂಕದ, ಖರ್ಚಿನ ಲೆಕ್ಕ ಕೇಳುವವರು ಸುತ್ತ ಹಲವರಿರುತ್ತಾರೆ. ಇಪ್ಪತ್ತು ವರ್ಷದ ಮೇಲೆ ಅದನ್ನು ಬಿಚ್ಚಬೇಕಾದ ಮೆಕ್ಯಾನಿಕ್‌ನ ಪರವಾಗಿ ಮಾತನಾಡುವವರು ಆ ಸಭೆಯಲ್ಲಿ ಇರುವುದಿಲ್ಲ. ದಯವಿಟ್ಟು ಅವನ ಪರವಾಗಿ ನೀವು ಮಾತನಾಡಿ.